ಇಡ್ಲಿ–ದೋಸೆ ಅಂಗಡಿಯ ಫ್ರಾಂಚೈಸಿ: ಅಮೆರಿಕದ ಯಾವ ರಾಜ್ಯದಲ್ಲಿ ಮೊದಲು ಮಾರುವುದು?

ಕಳೆದ ರಾಜ್ಯೋತ್ಸವದ ಸಂಜೆ, ಡಲ್ಲಾಸ್ ಕಡೆಯ ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದೆ. ಮುಂದೆ ನನ್ನ ಗೆಳೆಯ. ಪ್ಲೇನೋದಲ್ಲಿ ಇಡ್ಲಿ–ದೋಸೆ ಅಂಗಡಿ ಇಟ್ಟು ಆರು ವರ್ಷವಾಗಿದೆ, ಶನಿವಾರ ಭಾನುವಾರ ಬಾಗಿಲಾಚೆಗೂ ಜನ. ನ್ಯೂಜೆರ್ಸಿಯಿಂದ ಮಗಳ ಮನೆಗೆ ಬಂದಿದ್ದ ಹಿರಿಯರೊಬ್ಬರು ಅವನ ಭುಜ ತಟ್ಟಿ, “ಎಡಿಸನ್‌ಗೆ ನಿಮ್ಮದೊಂದು ಅಂಗಡಿ ಬೇಕೇ ಬೇಕು ಕಣ್ರೀ. ಇದು ಅಡ್ವಾನ್ಸ್ ಇಟ್ಕೊಳ್ಳಿ, ಪೇಪರ್ರು ಗೀಪರ್ರು ಆಮೇಲೆ ನೋಡ್ಕೊಳ್ಳೋಣ” ಅಂತ ಐದು ಸಾವಿರ ಡಾಲರಿನ ಚೆಕ್ ಬರೆದು ಅಂಗಿ ಜೇಬಿಗೆ ತುರುಕಿಯೇ ಬಿಟ್ಟರು. ಇವನ ಮುಖ ಹೋಳಿಗೆಯಷ್ಟು ಅಗಲವಾಯಿತು. ಮಾರನೆಯ ದಿನ ಆ ಚೆಕ್ಕನ್ನು ವಾಪಸ್ ಕೊಡಿಸಿದವನು ನಾನು.

ಬೆಂಗಳೂರಿನಲ್ಲಾಗಿದ್ದರೆ ಅದರಲ್ಲಿ ತಪ್ಪೇನೂ ಇರುತ್ತಿರಲಿಲ್ಲ. ಭಾರತದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾನೂನಿಲ್ಲ. 1872ರ ಕರಾರು ಕಾಯ್ದೆ, 1999ರ ಟ್ರೇಡ್‌ಮಾರ್ಕ್ ಕಾಯ್ದೆ, ಮೇಲೆ ಜಿಎಸ್‌ಟಿ; ಸ್ಟ್ಯಾಂಪ್ ಪೇಪರ್ ಮೇಲೆ ಸಹಿ ಬಿದ್ದರೆ ಮುಗಿಯಿತು. ಅಮೆರಿಕದಲ್ಲಿ ಹಾಗಲ್ಲ. ಇಲ್ಲಿ ಫ್ರಾಂಚೈಸಿ ಮಾರುವುದನ್ನು ಹೆಚ್ಚುಕಡಿಮೆ ಷೇರು ಮಾರಿದ ಹಾಗೆಯೇ ನೋಡುತ್ತಾರೆ. ಮೊದಲು ಎಲ್ಲ ವಿವರ ಬರೆದು ಕೊಡಬೇಕು, ಕೆಲವು ರಾಜ್ಯಗಳಲ್ಲಿ ಅದಕ್ಕೂ ಮೊದಲು ಸರ್ಕಾರದ ಹತ್ತಿರ ನೋಂದಾಯಿಸಬೇಕು. ದುಡ್ಡು ಮುಟ್ಟುವುದು ಕೊನೆಗೆ.

ಚೆಕ್ ವಾಪಸಾದ ಮೇಲೆ ಗೆಳೆಯ ಕೇಳಿದ ಪ್ರಶ್ನೆಗೆ ಈ ಬರಹವೇ ಉತ್ತರ. ಅವನನ್ನು ವಿಚಾರಿಸಿದ್ದವರು ನಾಲ್ವರು: ಎಡಿಸನ್‌ನ ಈ ಹಿರಿಯರು, ಕ್ಯಾಲಿಫೋರ್ನಿಯಾದ ಫ್ರಿಮಾಂಟ್‌ನಲ್ಲೊಬ್ಬರು, ಮೇರಿಲ್ಯಾಂಡ್‌ನಲ್ಲೊಬ್ಬರು, ನಾರ್ತ್ ಕ್ಯಾರೊಲಿನಾದ ಶಾರ್ಲೆಟ್‌ನಲ್ಲೊಬ್ಬರು. “ಎಲ್ಲ ಕಡೆಗೂ ಒಟ್ಟಿಗೆ ಹೋಗೋ ಶಕ್ತಿ ಇಲ್ಲ. ಯಾವ ರಾಜ್ಯ ಮೊದಲು?” ನಾನು ವಕೀಲನಲ್ಲ, ಸಣ್ಣ ಹೋಟೆಲುಗಳ ಲೆಕ್ಕ ಬರೆಯುವವನು. ಕಾಗದ ಬರೆಯುವುದಕ್ಕೆ ಫ್ರಾಂಚೈಸಿ ವಕೀಲರೇ ಬೇಕು. ಆದರೆ ವಕೀಲರ ಮುಂದೆ ಕೂರುವ ಮುಂಚೆ ಇಷ್ಟು ಗೊತ್ತಿದ್ದರೆ ಅವರ ಗಂಟೆ ಲೆಕ್ಕದ ಬಿಲ್ಲು ಸ್ವಲ್ಪ ಇಳಿಯುತ್ತದೆ.

ಯಾವ ರಾಜ್ಯಕ್ಕೆ ಹೋದರೂ ತಪ್ಪದ್ದು

ಫೆಡರಲ್ ಟ್ರೇಡ್ ಕಮಿಷನ್ನಿನ ಫ್ರಾಂಚೈಸಿ ನಿಯಮ ಇಡೀ ದೇಶಕ್ಕೆ ಅನ್ವಯ. ಈಗ ಜಾರಿಯಲ್ಲಿರುವ ರೂಪ 2007ರದ್ದು. ನಿಮ್ಮ ಹೆಸರು ಬಳಸಲು ಕೊಡುತ್ತೀರಿ, ಅಂಗಡಿ ಹೇಗೆ ನಡೆಸಬೇಕೆಂದು ಹೇಳುತ್ತೀರಿ ಅಥವಾ ಗಣನೀಯವಾಗಿ ನೆರವಾಗುತ್ತೀರಿ, ಅದಕ್ಕೆ ದುಡ್ಡು ತೆಗೆದುಕೊಳ್ಳುತ್ತೀರಿ: ಈ ಮೂರೂ ಸೇರಿದರೆ ಅದು ಫ್ರಾಂಚೈಸಿ. ಕಾಗದದ ಮೇಲೆ ‘ಲೈಸೆನ್ಸ್’ ಅಂತಲೋ ‘ಪಾರ್ಟ್ನರ್‌ಶಿಪ್’ ಅಂತಲೋ ಬರೆದುಕೊಂಡರೆ ಬದಲಾಗುವುದಿಲ್ಲ. ಆಗ 23 ಬಾಬುಗಳಿರುವ ಎಫ್‌ಡಿಡಿ ಎಂಬ ವಿವರಣಾ ದಸ್ತಾವೇಜನ್ನು ಕೊಳ್ಳುವವರ ಕೈಗಿಟ್ಟು, 14 ದಿನ ಕಳೆಯುವ ತನಕ ಸಹಿಯೂ ಇಲ್ಲ, ಒಂದು ಡಾಲರೂ ಇಲ್ಲ. ಆ ಚೆಕ್ ಎಡವಿದ್ದು ಇಲ್ಲೇ.

ನಮ್ಮವರು ತಿಳಿಯದೆ ಕಾಲಿಡುವ ಇನ್ನೊಂದು ಗುಂಡಿ 19ನೇ ಬಾಬು. ಅಂಗಡಿ ಎಷ್ಟು ದುಡಿಯುತ್ತದೆ ಎಂಬ ಅಂಕಿ ಆ ಬಾಬಿನಲ್ಲಿ ಆಧಾರದ ಸಮೇತ ಇರದಿದ್ದರೆ ಬಾಯಲ್ಲೂ ಹೇಳುವಂತಿಲ್ಲ. “ತಿಂಗಳಿಗೆ ಇಷ್ಟಂತೂ ಉಳಿಯುತ್ತೆ ಬಿಡಿ ಸಾರ್” ಎಂಬ ಮಾತನ್ನು ಕಾಫಿ ಕುಡಿಯುತ್ತ ಆಡಿದರೂ ಉಲ್ಲಂಘನೆಯೇ. 5ನೇ ಬಾಬು ಆರಂಭದ ಫೀಸಿನದು. ಒಬ್ಬೊಬ್ಬರಿಗೆ ಒಂದೊಂದು ದರ ಹಾಕಿದ್ದರೆ ಕಳೆದ ವರ್ಷ ಎಷ್ಟರಿಂದ ಎಷ್ಟರವರೆಗೆ ತೆಗೆದುಕೊಂಡಿರಿ, ಯಾಕೆ ವ್ಯತ್ಯಾಸ ಎಂದು ಬರೆಯಬೇಕು. ‘ನಮ್ಮೂರಿನವರು’ ಎಂದು ಬಿಟ್ಟ ರಿಯಾಯಿತಿ ಮುಂದಿನವರ ಕಣ್ಣಿಗೆ ಬೀಳುತ್ತದೆ.

ಯಾವುದರ ಮೇಲೆ ಅಳೆಯಬೇಕು

ಇಂಟರ್ನೆಟ್ಟಿನಲ್ಲಿ ಸಿಗುವ ಪಟ್ಟಿಗಳೆಲ್ಲ ನೋಂದಣಿ ಫೀಸನ್ನು ಎತ್ತಿ ತೋರಿಸುತ್ತವೆ. ಇಲಿನಾಯ್ 500 ಡಾಲರ್, ಮೇರಿಲ್ಯಾಂಡ್ 500, ವರ್ಜೀನಿಯಾ 500, ನ್ಯೂಯಾರ್ಕ್ 750, ಹೀಗೆ. ನನ್ನ ಪ್ರಕಾರ ಅದು ಎಲ್ಲಕ್ಕಿಂತ ಕಡಿಮೆ ಮುಖ್ಯ. ಎಫ್‌ಡಿಡಿ ಬರೆಸಲು ವಕೀಲರಿಗೇ ಹತ್ತು–ಹದಿನೈದು ಸಾವಿರ ದಾಟುವಾಗ ಐನೂರು ಡಾಲರ್ ಯಾವ ಲೆಕ್ಕ? ಕೇಳಬೇಕಾದ ಪ್ರಶ್ನೆಗಳು ಬೇರೆ. ಒಳಗೆ ಹೋಗಲು ಎಷ್ಟು ಕಾಲ ಬೇಕು, ಆಡಿಟ್ ಬೇಕೇ? ಮಾರಿದ ಮೇಲೆ ಫೀಸು ಕೈಗೆ ಬರುವುದು ಯಾವಾಗ? ಕೊಂಡವರೊಂದಿಗೆ ಹೊಂದಿಕೆಯಾಗದಿದ್ದರೆ ಕರಾರು ಮುರಿಯಲು ಆ ರಾಜ್ಯ ಬಿಡುತ್ತದೆಯೇ? ಕೊಳ್ಳುವವರು ಇರುವುದೆಲ್ಲಿ, ಯಾವ ವೀಸಾದಲ್ಲಿ?

ಕೊನೆಯದನ್ನು ಇಲ್ಲೇ ಮುಗಿಸಿಬಿಡುತ್ತೇನೆ. ನಮ್ಮವರಲ್ಲಿ ಕೊಳ್ಳಲು ಬರುವವರು ಹಲವರು ಎಚ್‌-1ಬಿ ಎಂಬ ಉದ್ಯೋಗ ವೀಸಾದಲ್ಲಿರುವವರು. ಅವರು ಕಂಪನಿಯಲ್ಲಿ ಪಾಲು ಇಟ್ಟುಕೊಳ್ಳಬಹುದು, ಆದರೆ ಆ ಅಂಗಡಿಯಲ್ಲಿ ನಿಂತು ಕೆಲಸ ಮಾಡುವಂತಿಲ್ಲ. ಹೂಡಿಕೆದಾರರ ಇ-2 ವೀಸಾ ಭಾರತೀಯ ಪ್ರಜೆಗಳಿಗೆ ಇಲ್ಲ. ಎಫ್‌ಡಿಡಿಯ 15ನೇ ಬಾಬಿನಲ್ಲಿ ‘ಮಾಲೀಕರೇ ಖುದ್ದು ಅಂಗಡಿ ನಡೆಸಬೇಕು’ ಎಂದು ಬರೆದರೆ ಅವರೆಲ್ಲ ಹೊರಗುಳಿದರು. ‘ಮ್ಯಾನೇಜರ್ ಇಟ್ಟರೆ ಸಾಕು’ ಎಂದು ಬರೆದರೆ ದೋಸೆ ಕಾವಲಿಯ ಮುಂದೆ ಆಸಕ್ತಿಯಿರುವ ಮಾಲೀಕ ಯಾರೂ ಇರುವುದಿಲ್ಲ. ಇದು ವಕೀಲರು ತೀರ್ಮಾನಿಸುವ ವಿಷಯವಲ್ಲ. ನೀವೇ ಮೊದಲು ನಿರ್ಧರಿಸಿಕೊಳ್ಳಿ.

ಬಾಗಿಲು ತೆರೆದೇ ಇರುವ ರಾಜ್ಯಗಳು

ಟೆಕ್ಸಾಸಿನಲ್ಲಿ ಮಾರಲು ಆಸ್ಟಿನ್‌ನ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಗೆ ಒಂದು ನೋಟಿಸ್, 25 ಡಾಲರ್, ಒಂದೇ ಸಲ. ಫ್ಲಾರಿಡಾದಲ್ಲಿ ವರ್ಷಕ್ಕೆ 100 ಡಾಲರಿನ ನೋಟಿಸ್. ಅದನ್ನು ಪಡೆಯುವುದು ಕೃಷಿ ಮತ್ತು ಗ್ರಾಹಕ ಸೇವೆಗಳ ಇಲಾಖೆ, ಇದು ನನಗೆ ಇವತ್ತಿಗೂ ತಮಾಷೆ. ಅರಿಜೋನಾ, ಕೊಲರಾಡೊ, ಪೆನ್ಸಿಲ್ವೇನಿಯಾ, ಮಸಾಚುಸೆಟ್ಸ್‌ಗಳಲ್ಲಿ ರಾಜ್ಯಕ್ಕೆ ಏನನ್ನೂ ಕಳಿಸಬೇಕಿಲ್ಲ, ಫೆಡರಲ್ ನಿಯಮ ಪಾಲಿಸಿದರೆ ಸಾಕು. ಹೊಸ ಕಂಪನಿಗೆ ಫೆಡರಲ್ ನಿಯಮ ಒಂದಿಷ್ಟು ರಿಯಾಯಿತಿಯನ್ನೂ ಕೊಡುತ್ತದೆ: ಮೊದಲ ವರ್ಷ ಆಡಿಟ್ ಆಗದ ಆರಂಭಿಕ ಬ್ಯಾಲೆನ್ಸ್ ಶೀಟ್ ನಡೆಯುತ್ತದೆ. ಆ ಉಳಿತಾಯ ಸಾವಿರಗಳ ಲೆಕ್ಕದ್ದು.

ಶಾರ್ಲೆಟ್ ಗಿರಾಕಿಯ ವಿಷಯದಲ್ಲಿ ಮಾತ್ರ ಒಂದು ತೊಡಕು. ನಾರ್ತ್ ಕ್ಯಾರೊಲಿನಾ, ಸೌತ್ ಕ್ಯಾರೊಲಿನಾ, ಕನೆಕ್ಟಿಕಟ್, ಮೇನ್ ಮುಂತಾದ ಕಡೆ ಸಿದ್ಧ ವ್ಯಾಪಾರದ ಅವಕಾಶ ಮಾರುವವರಿಗೆ ರಾಜ್ಯವೇ ಹಾಕಿರುವ ವ್ಯಾಪಾರಾವಕಾಶ ಕಾನೂನಿನಿಂದ ಪಾರಾಗಬೇಕಾದರೆ ನಿಮ್ಮ ಹೆಸರು ಫೆಡರಲ್ ಟ್ರೇಡ್‌ಮಾರ್ಕ್ ಆಗಿ ನೋಂದಣಿಯಾಗಿರಬೇಕು. ನಮ್ಮ ಹೋಟೆಲುಗಳು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಬೋರ್ಡಿನ ಮೇಲೆ ಏನಿರುತ್ತದೆ? ಉಡುಪಿ, ಮೈಸೂರು, ಮಲ್ನಾಡ್. ಊರಿನ ಹೆಸರನ್ನು ಒಬ್ಬರಿಗೇ ಬರೆದುಕೊಡಲು ಟ್ರೇಡ್‌ಮಾರ್ಕ್ ಕಚೇರಿ ಸುಲಭವಾಗಿ ಒಪ್ಪುವುದಿಲ್ಲ, ‘ಉಡುಪಿ’ ಎಂಬ ಬೋರ್ಡಂತೂ ಈ ದೇಶದ ಊರೂರಿನಲ್ಲಿದೆ. ಗೆಳೆಯನ ಅಂಗಡಿ ಹೆಸರೂ ಊರಿನದ್ದೇ. ನಾನು ಹೇಳಿದ್ದು ಇಷ್ಟೆ: ಫ್ರಾಂಚೈಸಿ ವಕೀಲರಿಗಿಂತ ಮೊದಲು ಟ್ರೇಡ್‌ಮಾರ್ಕ್ ವಕೀಲರನ್ನು ನೋಡು. ನೀನು ಮಾರಲು ಹೊರಟಿರುವುದೇ ಆ ಹೆಸರನ್ನು. ಅದು ನಿನ್ನದಲ್ಲ ಎಂದಾದರೆ ಉಳಿದದ್ದು ಚಟ್ನಿ ಮಾತ್ರ.

ನೋಟಿಸ್ ಕೊಟ್ಟರೆ ಸಾಕೆನ್ನುವ ರಾಜ್ಯಗಳು ಇನ್ನೂ ಇವೆ. ಮಿಷಿಗನ್‌ನಲ್ಲಿ ವರ್ಷಕ್ಕೆ 250 ಡಾಲರ್, ದಸ್ತಾವೇಜನ್ನು ಕೂತು ಪರಿಶೀಲಿಸುವವರಿಲ್ಲ. ಆದರೆ ‘ವ್ಯಾಜ್ಯ ಏನಿದ್ದರೂ ಟೆಕ್ಸಾಸಿನಲ್ಲೇ’ ಎಂಬ ಷರತ್ತು ಅಲ್ಲಿ ನಿಲ್ಲುವುದಿಲ್ಲ.

ನ್ಯೂಜೆರ್ಸಿ: ಒಳಗೆ ಬಿಟ್ಟಿ, ಹೊರಗೆ ದುಬಾರಿ

ಎಡಿಸನ್‌ಗೆ ಮಾರಲು ನ್ಯೂಜೆರ್ಸಿ ಸರ್ಕಾರಕ್ಕೆ ಅರ್ಜಿಯೂ ಇಲ್ಲ, ಫೀಸೂ ಇಲ್ಲ. ಇದನ್ನು ಕೇಳಿದ ತಕ್ಷಣ ಗೆಳೆಯ “ಹಾಗಾದ್ರೆ ಅಲ್ಲೇ ಶುರು ಮಾಡೋಣ” ಅಂದ. ನಿಧಾನ.

ಅಲ್ಲಿ 1971ರಿಂದ ಫ್ರಾಂಚೈಸಿ ಪ್ರಾಕ್ಟಿಸಸ್ ಆಕ್ಟ್ ಇದೆ. ಅಂಗಡಿ ಆ ರಾಜ್ಯದಲ್ಲಿದ್ದು, ಹಿಂದಿನ 12 ತಿಂಗಳಲ್ಲಿ ಇಬ್ಬರ ನಡುವಿನ ವ್ಯವಹಾರ 35,000 ಡಾಲರ್ ದಾಟಿ, ಕೊಂಡವರ ವಹಿವಾಟಿನಲ್ಲಿ ಶೇ. 20ಕ್ಕಿಂತ ಹೆಚ್ಚು ಈ ಫ್ರಾಂಚೈಸಿಯಿಂದಲೇ ಬರುತ್ತಿದ್ದರೆ ಕಾನೂನು ಅವರ ಬೆನ್ನಿಗೆ ನಿಲ್ಲುತ್ತದೆ. ಆಗ ತಕ್ಕ ಕಾರಣವಿಲ್ಲದೆ ಕರಾರು ರದ್ದು ಮಾಡುವಂತಿಲ್ಲ. ಅವಧಿ ಮುಗಿಯಿತೆಂದು ನವೀಕರಿಸದೆ ಬಿಡುವಂತೆಯೂ ಇಲ್ಲ. ತಕ್ಕ ಕಾರಣವೆಂದರೆ ಅವರು ಕರಾರಿನ ಮುಖ್ಯ ಷರತ್ತುಗಳನ್ನು ಪಾಲಿಸದಿರುವುದು. ‘ನಮಗೆ ಬೇರೆ ಯೋಜನೆ ಇದೆ’ ಎಂಬುದು ಕಾರಣವಲ್ಲ. ಸಾಮಾನ್ಯವಾಗಿ 60 ದಿನಗಳ ಲಿಖಿತ ನೋಟಿಸನ್ನೂ ಕೊಡಬೇಕು. ಅಂದರೆ ಹತ್ತು ವರ್ಷಕ್ಕೆಂದು ಕೊಟ್ಟದ್ದು ಹೆಚ್ಚುಕಡಿಮೆ ಜೀವಮಾನದ ಸಂಬಂಧ.

ಹಾಗಾಗಿ ನ್ಯೂಜೆರ್ಸಿಯಲ್ಲಿ ಉಳಿದ ದುಡ್ಡನ್ನು ಕರಾರು ಬರೆಸುವುದಕ್ಕೆ ಹಾಕಿ. ‘ರುಚಿ ಚೆನ್ನಾಗಿರಬೇಕು’ ಎಂದು ಬರೆದರೆ ಯಾವ ನ್ಯಾಯಾಧೀಶರೂ ಅಳೆಯಲಾರರು. ಹಿಟ್ಟು ರುಬ್ಬಿ ಎಷ್ಟು ಗಂಟೆಯೊಳಗೆ ಬಳಸಬೇಕು, ಸಾಂಬಾರನ್ನು ಯಾವ ತಾಪದಲ್ಲಿ ಇಡಬೇಕು, ತಪಾಸಣೆಯಲ್ಲಿ ಎಷ್ಟು ಸಲ ತಪ್ಪಿದರೆ ಷರತ್ತು ಮುರಿದಂತೆ ಎಂಬುದೆಲ್ಲ ಕೈಪಿಡಿಯಲ್ಲಿ ಅಂಕಿಯಲ್ಲಿರಲಿ. ಆಮೇಲೆ ಮನುಷ್ಯರನ್ನು ನೋಡಿ. ಊಟದ ಸಾಲಿನಲ್ಲಿ ಚೆಕ್ ಬರೆಯುವವರು ಉತ್ಸಾಹಿಗಳು ನಿಜ, ಆದರೆ ಸಂಬಂಧ ನೋಡುವಾಗ ಹುಡುಗನ ಕಡೆಯವರನ್ನು ವಿಚಾರಿಸಿದಷ್ಟಾದರೂ ವಿಚಾರಿಸಬೇಡವೇ? ಹಡ್ಸನ್ ನದಿ ದಾಟಿ ಕ್ವೀನ್ಸ್‌ನಲ್ಲಿ ಕೂತು ಮಾತುಕತೆ ನಡೆಸುವ ಕೆಲಸವಂತೂ ಬೇಡ. ನ್ಯೂಯಾರ್ಕಿನೊಳಗಿಂದ ಕೊಟ್ಟ ಆಫರ್ ಅಲ್ಲಿನ ಕಾನೂನಿಗೆ ಸಿಗುತ್ತದೆ.

ಕ್ಯಾಲಿಫೋರ್ನಿಯಾ: ಕಾಯಿಸುತ್ತಾರೆ, ತಿದ್ದಿಸುತ್ತಾರೆ

ಫ್ರಾಂಚೈಸಿ ಮಾರಾಟಕ್ಕೆ ದೇಶದಲ್ಲೇ ಮೊದಲು ಕಾನೂನು ತಂದ ರಾಜ್ಯ ಇದು, 1971ರ ಜನವರಿ 1ರಿಂದ ಜಾರಿ. ಅರುವತ್ತರ ದಶಕದ ಕೊನೆಗೆ ಸಿನಿಮಾ, ಹಾಡು, ಆಟದ ಜನಪ್ರಿಯರ ಹೆಸರಿಟ್ಟುಕೊಂಡು ಅಂಗಡಿ ತೆರೆಯುವ ಮುಂಚೆಯೇ ಫ್ರಾಂಚೈಸಿ ಮಾರಿದ ಕಂಪನಿಗಳು ಕುಸಿದು ಸಾಮಾನ್ಯರ ಉಳಿತಾಯ ಮುಳುಗಿದ್ದ ಕಾಲವದು. ಈಗ ಡಿಎಫ್‌ಪಿಐ ಎಂಬ ಇಲಾಖೆ ಪರಿಶೀಲಿಸುತ್ತದೆ. ನೋಂದಣಿಯಾಗದೆ, ವಿನಾಯಿತಿಯೂ ಇಲ್ಲದೆ ಆಫರ್ ಕೊಟ್ಟರೂ ತಪ್ಪು. ಆಡಿಟ್ ಆದ ಲೆಕ್ಕ ಬೇಕು. ಒಂದೆರಡು ಸುತ್ತು ಪ್ರಶ್ನೋತ್ತರವಾಗಿ ಅನುಮತಿ ಬರಲು ಕೆಲವು ವಾರಗಳಿಂದ ಎರಡು ಮೂರು ತಿಂಗಳು ಇಟ್ಟುಕೊಳ್ಳಿ.

ಆ ಪ್ರಶ್ನೆಗಳ ಕಾಗದವೊಂದನ್ನು ನಾನು ಬೇರೊಂದು ಹೋಟೆಲಿನ ಅರ್ಜಿಯಲ್ಲಿ ನೋಡಿದ್ದೆ. 7ನೇ ಬಾಬಿನಲ್ಲಿ ಮೊದಲ ಮೂರು ತಿಂಗಳ ಕೈಬಂಡವಾಳವೆಂದು ಹಾಕಿದ್ದ ಮೊತ್ತಕ್ಕೆ ಆಧಾರವೇನು ಎಂದಿತ್ತು. ಮಾಲೀಕರಿಗೆ ಉತ್ತರವೇ ಇರಲಿಲ್ಲ, ಅಂದಾಜಿಗೆ ಹಾಕಿದ್ದರಂತೆ. ಇನ್ನೊಂದು ಪ್ರಶ್ನೆ ಸಾಂಬಾರ್ ಪುಡಿಯದ್ದು. ‘ಪುಡಿಯನ್ನು ನಮ್ಮಿಂದಲೇ ಕೊಳ್ಳಬೇಕು’ ಎಂದು 8ನೇ ಬಾಬಿನಲ್ಲಿ ಬರೆದಿದ್ದರು, ಅದರಿಂದ ತಮಗೆ ಬರುವ ಆದಾಯ ಬರೆದಿರಲಿಲ್ಲ. ಕುಳಿತು ಲೆಕ್ಕ ಹಾಕಿದಾಗ ತಿಳಿಯಿತು, ಕೊಳ್ಳುವವನಿಗೆ ಹೆಸರಿಗಾಗಿ ಕಟ್ಟುತ್ತಿರಬೇಕಾದ ರಾಯಲ್ಟಿಗಿಂತ ಪುಡಿ, ಹಿಟ್ಟಿನ ಖರ್ಚೇ ಹೊರೆ. ದರ ಇಳಿಸಿದರು. ಈ ತಿದ್ದುವಿಕೆ ಬೇರೆ ರಾಜ್ಯಗಳಲ್ಲೂ ಉಪಯೋಗಕ್ಕೆ ಬರುತ್ತದೆ. ಬಾಗಿಲು ತೆರೆದಿರುವ ರಾಜ್ಯದಲ್ಲಿ ಇದೇ ತಪ್ಪನ್ನು ಮೊದಲು ಹಿಡಿಯುವವನು ಎರಡು ವರ್ಷದ ನಂತರ ಬರುವ ಎದುರು ಪಕ್ಷದ ವಕೀಲ.

ಹೊರಬಾಗಿಲು ಇಲ್ಲೂ ಕಿರಿದೇ. 2016ರಿಂದ ಮಾಡಿಕೊಂಡ ಕರಾರುಗಳಲ್ಲಿ ತಪ್ಪು ಸರಿಪಡಿಸಿಕೊಳ್ಳಲು ಸಾಮಾನ್ಯವಾಗಿ ಕನಿಷ್ಠ 60 ದಿನ ಕೊಟ್ಟೇ ರದ್ದು ಮಾಡಬೇಕು, ನವೀಕರಿಸದಿದ್ದರೆ 180 ದಿನ ಮುಂಚೆ ಹೇಳಬೇಕು. ವರ್ಷವರ್ಷ ನವೀಕರಣವೂ ಇದೆ: ಹಣಕಾಸು ವರ್ಷ ಡಿಸೆಂಬರಿಗೆ ಮುಗಿದರೆ ಏಪ್ರಿಲ್ 20ಕ್ಕೆ ನೋಂದಣಿ ಮುಗಿಯುತ್ತದೆ. ತೆರಿಗೆ ಗಲಾಟೆಯಲ್ಲಿ ಮರೆತರೆ ನವೀಕರಣವಾಗುವ ತನಕ ಮಾರಾಟ ಬಂದ್.

ಮೇರಿಲ್ಯಾಂಡ್, ವರ್ಜೀನಿಯಾ, ಇಲಿನಾಯ್

ಇವುಗಳ ಸ್ವಭಾವ ತಿಳಿಯಬೇಕಾದರೆ ಕಂಪನಿಯ ಬ್ಯಾಂಕ್ ಬ್ಯಾಲೆನ್ಸಿನಿಂದ ಶುರುಮಾಡಬೇಕು. ವಕೀಲರು ಸಾಮಾನ್ಯವಾಗಿ ಫ್ರಾಂಚೈಸಿ ಮಾರಲೆಂದೇ ಹೊಸ ಎಲ್‌ಎಲ್‌ಸಿ (ಸೀಮಿತ ಹೊಣೆಯ ಕಂಪನಿ) ಮಾಡಿಸುತ್ತಾರೆ; ಹಳೆ ಅಂಗಡಿಯ ಲೆಕ್ಕ ಬೇರೆಯೇ ಉಳಿಯುತ್ತದೆ, ಆಡಿಟ್ ಚಿಕ್ಕದಾಗುತ್ತದೆ. ಆದರೆ ಅದರಲ್ಲಿ ಹತ್ತು ಸಾವಿರ ಡಾಲರ್ ಮಾತ್ರ ಇಟ್ಟರೆ ರಾಜ್ಯದ ಪರಿಶೀಲಕರು ಕೇಳುತ್ತಾರೆ: ಇಷ್ಟರಲ್ಲಿ ತರಬೇತಿ ಹೇಗೆ ಕೊಡುತ್ತೀರಿ, ನೆರವು ಹೇಗೆ ಮಾಡುತ್ತೀರಿ? ಉತ್ತರ ಸಮಾಧಾನ ತರದಿದ್ದರೆ ಷರತ್ತು ಬೀಳುತ್ತದೆ. ಅಂಗಡಿ ತೆರೆಯುವವರೆಗೆ ಆರಂಭದ ಫೀಸು ತೆಗೆದುಕೊಳ್ಳುವಂತಿಲ್ಲ, ಇಲ್ಲವೇ ಎಸ್ಕ್ರೋದಲ್ಲಿ (ಮೂರನೆಯವರ ಖಾತೆಯಲ್ಲಿ) ಇಡಿ, ಇಲ್ಲವೇ ಜಾಮೀನು ಬಾಂಡ್ ಕೊಡಿ. ಈ ಅಧಿಕಾರ ಕ್ಯಾಲಿಫೋರ್ನಿಯಾ, ವಾಷಿಂಗ್ಟನ್ ರಾಜ್ಯಗಳಿಗೂ ಇದೆ.

ಗೆಳೆಯನ ಲೆಕ್ಕವನ್ನೇ ತೆಗೆದುಕೊಳ್ಳಿ. ಫೀಸು 35,000 ಎಂದುಕೊಂಡಿದ್ದ. ಆ ದುಡ್ಡಲ್ಲೇ ಇಬ್ಬರು ಅಡುಗೆಯವರನ್ನು ಆರು ವಾರ ಅಲ್ಲಿಗೆ ಕಳಿಸುವ ಯೋಜನೆ. ಮಳಿಗೆ ಹುಡುಕಿ, ಪರ್ಮಿಟ್ ಪಡೆದು, ಒಲೆಯ ಮೇಲಿನ ಹೊಗೆ ಹುಡ್ ಕೂರಿಸಿ ಬಾಗಿಲು ತೆರೆಯಲು ಹತ್ತು ತಿಂಗಳು ಹಿಡಿದರೆ ಅಷ್ಟು ದಿನವೂ ಖರ್ಚು ಇವನದು, ಫೀಸು ಇನ್ನೂ ಅವರ ಬಳಿ. ಕೈಯಲ್ಲಿ ಐವತ್ತು ಸಾವಿರವಾದರೂ ಬೇರೆ ಇಲ್ಲದಿದ್ದರೆ ಉಸಿರು ಕಟ್ಟುತ್ತದೆ.

ಮೇರಿಲ್ಯಾಂಡಿನದು ಇನ್ನೊಂದು ವಿಶೇಷ. ಕೊಳ್ಳುವವರು ಆ ರಾಜ್ಯದ ನಿವಾಸಿಯಾಗಿದ್ದರೆ ಅಂಗಡಿ ಎಲ್ಲೇ ಇಟ್ಟರೂ ಅದರ ಕಾನೂನು ಅನ್ವಯ. ಗೆಳೆಯನನ್ನು ವಿಚಾರಿಸಿದ್ದವರ ಮನೆ ಮೇರಿಲ್ಯಾಂಡಿನಲ್ಲಿ, ನೋಡಿಟ್ಟಿರುವ ಮಳಿಗೆ ವರ್ಜೀನಿಯಾದಲ್ಲಿ. ಎರಡೂ ಕಡೆ ನೋಂದಣಿ. ವಾಷಿಂಗ್ಟನ್ ಡಿ.ಸಿ. ಸುತ್ತ ಮಾರುವವರು ಎರಡು ಅರ್ಜಿಯನ್ನೂ ಒಟ್ಟಿಗೇ ಹಾಕುವುದು ಲೇಸು. ಇಲಿನಾಯ್‌ನಲ್ಲೂ ಇದೇ ಬಗೆಯ ಬಿಗಿ. ಷಿಕಾಗೊ ಕಡೆ ಎರಡು ಮೂರು ಅಂಗಡಿ ಹೋಗುವ ಖಾತ್ರಿಯಿದ್ದರೆ ಮಾತ್ರ ಶ್ರಮಕ್ಕೆ ಬೆಲೆ.

ನ್ಯೂಯಾರ್ಕ್, ಮತ್ತು ‘ಬರೀ ಲೈಸೆನ್ಸ್ ಕೊಡೋಣ’

ಇವೆರಡನ್ನೂ ಒಟ್ಟಿಗೆ ಹೇಳುವುದಕ್ಕೆ ಕಾರಣವಿದೆ. ಫ್ರಾಂಚೈಸಿ ರಗಳೆ ಬೇಡ, ಹೆಸರು ಮಾತ್ರ ಕೊಟ್ಟು ದುಡ್ಡು ತೆಗೆದುಕೊಳ್ಳೋಣ, ಅಡುಗೆ ಅವರ ಇಷ್ಟ ಎನ್ನುವವರಿದ್ದಾರೆ. ನ್ಯೂಯಾರ್ಕಿನಲ್ಲಿ ಫೀಸಿನ ಜೊತೆ ಹೆಸರೊಂದೇ ಇದ್ದರೂ ಸಾಕು, ಅಥವಾ ಮಾರಾಟದ ಯೋಜನೆಯೊಂದೇ ಇದ್ದರೂ ಸಾಕು, ಅದು ಫ್ರಾಂಚೈಸಿ. ಬೇರೆಡೆ ಲೈಸೆನ್ಸ್ ನಿಲ್ಲಬಹುದು, ಆದರೆ ಹಾಗೆ ನಿಲ್ಲಬೇಕಾದರೆ ಅಡುಗೆಮನೆಯ ಮೇಲೆ ನಿಮ್ಮ ಹಿಡಿತ ಇರಬಾರದು. ಹೆಸರು ನಿಮ್ಮದು, ಹುಳಿ ಹೋದ ಹಿಟ್ಟು ಅವರದು. ‘ಫೀಸೇ ಬೇಡ, ಹಿಟ್ಟು ನಮ್ಮಲ್ಲೇ ಕೊಳ್ಳಲಿ’ ಎಂಬ ಉಪಾಯವೂ ನ್ಯಾಯವಾದ ಸಗಟು ದರದ ಸಾಮಾನಿಗೆ ಮಾತ್ರ ನಡೆಯುತ್ತದೆ. ಮೇಲೆ ಹಾಕಿದ ಲಾಭವನ್ನೂ, ಕಡ್ಡಾಯವಾಗಿ ಕೊಳ್ಳಿಸಿದ ಗ್ರೈಂಡರನ್ನೂ ಫೀಸೆಂದೇ ಎಣಿಸಬಹುದು.

ಹಾಗಾದರೆ ಯಾರಿಗೆ ಯಾವುದು

ವಕೀಲರು, ಟ್ರೇಡ್‌ಮಾರ್ಕ್, ಕೈಪಿಡಿ ಎಲ್ಲಕ್ಕೂ ಸೇರಿ ಮೂವತ್ತು ಸಾವಿರ ಡಾಲರ್ ಎತ್ತಿಡಲು ಆಗದವರು ಈಗ ಫ್ರಾಂಚೈಸಿ ಮಾರಬೇಡಿ. ಆ ಶಕ್ತಿಯನ್ನು ನಿಮ್ಮದೇ ಎರಡನೇ ಅಂಗಡಿಗೆ ಹಾಕಿ. ನೀವಿಲ್ಲದ ಅಡುಗೆಮನೆಯಲ್ಲಿ ಅದೇ ರುಚಿ ಬರುತ್ತದೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಅಷ್ಟು ಇದ್ದು, ಗಿರಾಕಿಗಳು ಟೆಕ್ಸಾಸ್, ಅರಿಜೋನಾದಂಥ ಕಡೆ ಇದ್ದರೆ ಅಲ್ಲಿಂದ ಶುರುಮಾಡಿ. ಕಾರಿನಲ್ಲಿ ಹೋಗಿಬರುವಷ್ಟು ಹತ್ತಿರವಿದ್ದರೆ ಇನ್ನೂ ಒಳ್ಳೆಯದು. ಟ್ರೇಡ್‌ಮಾರ್ಕ್ ಕೈಗೆ ಬಂದ ಮೇಲೆ ಕ್ಯಾರೊಲಿನಾ. ಎಪ್ಪತ್ತು ಎಂಬತ್ತು ಸಾವಿರದವರೆಗೆ ತಡೆದುಕೊಳ್ಳುವ ಶಕ್ತಿ ಇದ್ದು, ಫ್ರಿಮಾಂಟ್, ಸನ್ನಿವೇಲ್ ಕಡೆಯಿಂದ ಒಬ್ಬರಿಗಿಂತ ಹೆಚ್ಚು ಜನ ಕೇಳುತ್ತಿದ್ದರೆ ನೇರ ಕ್ಯಾಲಿಫೋರ್ನಿಯಾಕ್ಕೇ ಹೋಗಿ. ಅಲ್ಲಿ ತೇರ್ಗಡೆಯಾದ ದಸ್ತಾವೇಜು ಹಿಡಿದು ಬೇರೆ ಬಾಗಿಲು ತಟ್ಟುವುದು ಸುಲಭ. ಒಬ್ಬರೇ ಒಬ್ಬರಿಗಾಗಿ ಮೇರಿಲ್ಯಾಂಡ್, ವರ್ಜೀನಿಯಾ ಎರಡನ್ನೂ ತೆರೆಯುವುದು ನನಗೆ ಒಪ್ಪಿಗೆಯಿಲ್ಲ.

ಗೆಳೆಯ ಆರಿಸಿಕೊಂಡದ್ದು ನಾನು ಹೇಳಿದ್ದನ್ನಲ್ಲ. ಅವನಿಗೆ ಎಡಿಸನ್ನೇ ಬೇಕಿತ್ತು. ಐದು ತಿಂಗಳು ಕೂತು ಕೈಪಿಡಿ ಬರೆದ, ಕರಾರನ್ನು ಎರಡು ಸಲ ತಿದ್ದಿಸಿದ, ಆ ಹಿರಿಯರನ್ನು ಒಂದು ವಾರ ಪ್ಲೇನೋಗೆ ಕರೆಸಿ ಬೆಳಿಗ್ಗೆ ಐದಕ್ಕೆ ಅಡುಗೆಮನೆಯಲ್ಲಿ ನಿಲ್ಲಿಸಿದ. ಎಫ್‌ಡಿಡಿಯ ಕೊನೆಯ 23ನೇ ಬಾಬು ರಸೀದಿ; ಎರಡು ಪ್ರತಿ, ಒಂದು ಅವರಿಗೆ, ಒಂದು ನಮಗೆ. ಅದರ ಮೇಲೆ ತಾರೀಕನ್ನು ಅವರ ಕೈಯಲ್ಲೇ ಬರೆಸಿದೆವು. ಅಲ್ಲಿಂದ 14 ದಿನ ಎಣಿಸಿ, 15ನೇ ದಿನ ಸಹಿ. ಅಂದು ಅವರು ಬ್ಯಾಗಿನಿಂದ ತೆಗೆದದ್ದು ಅದೇ ಐದು ಸಾವಿರದ ಚೆಕ್ಕು, ಮಡಚಿದ ಗೆರೆ ಹಾಗೇ ಇತ್ತು. “ಇದು ಹಳೇದು ಸಾರ್, ಬ್ಯಾಂಕಲ್ಲಿ ತೊಗೊಳ್ಳಲ್ಲ” ಅಂದೆ. ಹೊಸ ಚೆಕ್ ಬರೆದರು, ಈ ಸಲ ಪೂರ್ತಿ ಫೀಸಿಗೆ.